ಫೋಟೊ ತೆಗೆಯೋಕೆ ನಾಲ್ಕು ವರ್ಷ ಕಾಲೇಜು ಯಾಕೆ?

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ಈ ವರ್ಷ ಕಾಮರ್ಸ್ ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಎರಡು ವರ್ಷದಿಂದ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದೇನೆ. ಕಾಲೇಜಿನಲ್ಲಿ ಫೋಟೊಗ್ರಫಿಯನ್ನೇ ಓದಬೇಕು ಅಂತ ಆಸೆ. ಅಪ್ಪ ಮಾತ್ರ "ಫೋಟೊ ತಗಿಯಾಕ ನಾಕ್ ವರ್ಷ ಕಾಲೇಜ್ ಯಾಕ? ಪ್ಯಾಟ್ಯಾಗಿನ ಸ್ಟುಡಿಯೊದಾಗ ಆರ್ ತಿಂಗಳ ನಿಂತ್ರ ಬರ್ತೈತಿ" ಅನ್ನುತ್ತಾರೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ. ಒಳ್ಳೆಯ ಕ್ಯಾಮೆರಾ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡಿ, ಮನೆಯಲ್ಲಿ ಮುಂದಿನ ಮಾತು ಸಲೀಸಾಗುತ್ತದೆ.

ಕ್ಯಾಮೆರಾ ನಡೆಸುವುದು ನಿಜಕ್ಕೂ ಆರು ತಿಂಗಳ ವಿದ್ಯೆ. ಆರೂ ಬೇಡ, ಮೂರು ಸಾಕು. ಬೆಳಕಿಗೆ ಬಾಗಿಲು ಎಷ್ಟು ತೆಗೆಯಬೇಕು ಅನ್ನೋದು ಅಪರ್ಚರ್, ಎಷ್ಟು ಹೊತ್ತು ತೆಗೆದಿಡಬೇಕು ಅನ್ನೋದು ಷಟರ್, ಬಂದ ಬೆಳಕನ್ನು ಎಷ್ಟು ಹೆಚ್ಚಿಸಿಕೊಳ್ಳಬೇಕು ಅನ್ನೋದು ಐಎಸ್‌ಒ. ಇಷ್ಟೇ. ನಾನು ಕಾಲೇಜಿನಲ್ಲಿ ಫೋಟೊಗ್ರಫಿ ಪಾಠ ಹೇಳುವವನು, ಇದನ್ನು ಮೊದಲ ಆರು ವಾರದಲ್ಲಿ ಮುಗಿಸುತ್ತೇನೆ. ಆಮೇಲೆ ಉಳಿಯುವುದು ಕೈ ಪಳಗಿಸಿಕೊಳ್ಳುವುದು ಮಾತ್ರ.

ಇನ್ನೂ ಒಂದು ಮಾತು. ಪೇಟೆ ಸ್ಟುಡಿಯೊ ಕಲಿಸುವುದರಲ್ಲಿ ಒಂದಷ್ಟನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಧಾರೆಯ ಹೊತ್ತಿಗೆ ಸರಿಯಾಗಿ ಅಡ್ಡ ಬರುವ ಸೋದರಮಾವನನ್ನು ಬೇಜಾರಾಗದ ಹಾಗೆ ಪಕ್ಕಕ್ಕೆ ಸರಿಸೋದು ಹೇಗೆ, ರಾತ್ರಿಯೇ ಫ್ಲಾಶ್ ಬ್ಯಾಟರಿ ಚಾರ್ಜಿಗೆ ಹಾಕಿಡೋದು, ಹೇಳಿದ ದಿನಕ್ಕೆ ಆಲ್ಬಂ ಕೊಡೋದು, ಬಾಕಿ ದುಡ್ಡು ವಸೂಲಿ ಮಾಡೋದು. ನಾನೂ ಕಾಲೇಜು ಸೇರುವ ಮೊದಲು ಎರಡು ವರ್ಷ ಒಂದು ಸ್ಟುಡಿಯೊದಲ್ಲಿದ್ದೆ. ಮದುವೆ ಮನೆಗಳಲ್ಲಿ ಲೈಟ್ ಸ್ಟ್ಯಾಂಡ್ ಹೊತ್ತುಕೊಂಡು ಓಡಾಡಿದ್ದೇ ಜಾಸ್ತಿ. ಆ ಎರಡು ವರ್ಷ ದಂಡವಾಯಿತು ಅಂತ ಇವತ್ತಿಗೂ ಅನಿಸಿಲ್ಲ.

ಹಾಗಾದರೆ ಕಾಲೇಜಿನಲ್ಲಿ ಏನು ಕಲಿಸುತ್ತಾರೆ? ಒಂದು ಪಾಠವನ್ನು ಹತ್ತಿರದಿಂದ ತೋರಿಸುತ್ತೇನೆ.

ನನ್ನ ತರಗತಿಯಲ್ಲಿ ಮೂರನೇ ವಾರದ ಕೆಲಸ ಒಂದು ಮೊಟ್ಟೆ. ಬಿಳಿ ಮೊಟ್ಟೆಯನ್ನು ಬಿಳಿ ಪಂಚೆಯ ಮೇಲೆ ಇಟ್ಟು, ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದುಕೊಂಡು ಬನ್ನಿ ಅನ್ನುತ್ತೇನೆ. ಮೊಟ್ಟೆ ಮುಟ್ಟದ ಮನೆಯವರು ಬೆಳ್ಳುಳ್ಳಿ ಗಡ್ಡೆ ತರುತ್ತಾರೆ, ಅದೂ ಆಗುತ್ತದೆ. ಎಲ್ಲರೂ ನಗುತ್ತಾರೆ, ಇದೇನು ಮಹಾ ಅಂತ. ಮಾರನೇ ದಿನ ಬಂದ ಫೋಟೊಗಳ ಮುಕ್ಕಾಲು ಪಾಲಿನಲ್ಲಿ ಮೊಟ್ಟೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಪಂಚೆ ಒಂದು ವಾರ ಒಗೆಯದ ಹಾಗೆ ಕಾಣುತ್ತದೆ. ಯಾಕೆ? ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಬಿಳಿ ಗೊತ್ತಿಲ್ಲ, ಕಪ್ಪೂ ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಅದು ನಡುವಿನ ಒಂದು ಬೂದು ಬಣ್ಣ ಅಂತಲೇ ಅದು ಲೆಕ್ಕ ಹಾಕುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಕ್ಕೆ ಕಳಿಸುವ ಬೂದು ಅದು. ಬಿಳಿ ಪಂಚೆ ಅದಕ್ಕಿಂತ ಎಷ್ಟೋ ಜಾಸ್ತಿ ಕಳಿಸುತ್ತದಲ್ವಾ? ಮೀಟರು ಗಾಬರಿಯಾಗಿ ಬೆಳಕು ಕಡಿಮೆ ಮಾಡಿಬಿಡುತ್ತದೆ. ಆಗ ನೀವು ಅದರ ಮಾತು ಮೀರಿ ಒಂದೋ ಒಂದೂವರೆಯೋ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು) ಏರಿಸಬೇಕು.

ಇಲ್ಲಿವರೆಗಿನದು ಸ್ಟುಡಿಯೊದಲ್ಲೂ ಸಿಗುವ ವಿದ್ಯೆ. "ಬಿಳಿ ಸೀರೆ ಇದ್ರೆ ಸ್ವಲ್ಪ ಏರ್ಸು" ಅಂತ ಅಲ್ಲಿನ ಅಣ್ಣ ಒಂದೇ ಮಾತಿನಲ್ಲಿ ಹೇಳಿಕೊಡುತ್ತಾನೆ. ಎರಡನೇ ಸುತ್ತಿನಲ್ಲಿ ನಾನು ಕೇಳುವುದು ಬೇರೆ. ಅದೇ ಮೊಟ್ಟೆ, ಅದೇ ಕಿಟಕಿ. ಈಗ ಅದು ಭಾರವಾಗಿ ಕಾಣಬೇಕು. ಆಮೇಲೆ ಈಗಲೋ ಆಗಲೋ ಒಡೆಯುತ್ತದೆ ಅನ್ನುವ ಹಾಗೆ ಕಾಣಬೇಕು. ಆಮೇಲೆ ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ ಕಾಣಬೇಕು. ಇದಕ್ಕೆ ಮೀಟರಿನಲ್ಲಿ ಉತ್ತರವಿಲ್ಲ. ಹುಡುಗರು ಕಿಟಕಿಯಿಂದ ದೂರ ಹೋಗುತ್ತಾರೆ, ನೆಲಕ್ಕೆ ಮಲಗುತ್ತಾರೆ, ನೆರಳಿನ ಕಡೆ ಥರ್ಮೋಕೋಲ್ ಇಟ್ಟು ತೆಗೆದು ನೋಡುತ್ತಾರೆ, ಮೊಟ್ಟೆಯನ್ನು ಮೇಜಿನ ಅಂಚಿಗೆ ತರುತ್ತಾರೆ. ಕೆಲವರು ಒಡೆದೂ ಬಿಡುತ್ತಾರೆ. ಒಬ್ಬ ಹುಡುಗಿ ಮೊಟ್ಟೆಯನ್ನೇ ತೆಗೆದುಬಿಟ್ಟು, ಪಂಚೆಯಲ್ಲಿ ಅದು ಕೂತಿದ್ದ ತಗ್ಗಿನ ಫೋಟೊ ತಂದಳು. ಬಿಟ್ಟುಹೋದದ್ದು ಅಂದರೆ ಇದೇ ತಾನೇ ಸರ್ ಅಂದಳು. ಆ ವರ್ಷ ನಾನು ನೋಡಿದ ಒಳ್ಳೆಯ ಫೋಟೊಗಳಲ್ಲಿ ಅದೂ ಒಂದು. ಫೋಟೊಗ್ರಫಿಯನ್ನು ಕಲೆಯಾಗಿ ಓದುವುದು ಅಂದರೆ ಹೆಚ್ಚುಕಡಿಮೆ ಇದೇ. ಗ್ರಾಹಕರು ಇಂಥದ್ದನ್ನು ಕೇಳುವುದಿಲ್ಲ, ಹಾಗಾಗಿ ಸ್ಟುಡಿಯೊದಲ್ಲಿ ಈ ಅಭ್ಯಾಸ ಆಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಕಾಲೇಜಿನಲ್ಲಿ ಅದಕ್ಕೆ ಕ್ರಿಟ್ ಅನ್ನುತ್ತಾರೆ. ತೆಗೆದ ಫೋಟೊಗಳನ್ನು ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಹರಡಿ, ಮೇಷ್ಟ್ರು ಮತ್ತು ಉಳಿದ ಹುಡುಗರು ಸುತ್ತ ನಿಂತು ಮಾತಾಡುವುದು. ನನ್ನ ಮೊದಲ ಕ್ರಿಟ್ ನೆನಪಿದೆ. ಆಗ ಫಿಲ್ಮ್ ಕಾಲ. ಒಂದು ರೋಲಿಗೆ 36 ಫೋಟೊ. ನಮ್ಮೂರ ತೇರಿನದ್ದು ಒಂದು ರೋಲ್ ತೆಗೆದು, ರಾತ್ರಿಯೆಲ್ಲ ಡಾರ್ಕ್‌ರೂಮಿನಲ್ಲಿ ಕೂತು ಎಲ್ಲವನ್ನೂ ಪ್ರಿಂಟ್ ಹಾಕಿ, ಪ್ರಿಂಟ್ ತೊಳೆಯುವ ಹೈಪೊ ರಾಸಾಯನಿಕದ ವಾಸನೆ ಹೊಡೆಯುವ ಕೈಯಲ್ಲಿ ಜೋಡಿಸಿ ಇಟ್ಟೆ. ಒಳಗೊಳಗೇ ಜಂಬ. ಸ್ಟುಡಿಯೊದಲ್ಲಿ ಪಳಗಿದ ಕೈ ನೋಡಿ, ಒಂದೂ ಅಲುಗಿರಲಿಲ್ಲ, ಒಂದೂ ಮಬ್ಬಾಗಿರಲಿಲ್ಲ.

ಮೇಷ್ಟ್ರು ಎರಡು ಸುತ್ತು ಹಾಕಿದರು. "ಎಲ್ಲಿಂದ ತೆಗೆದೆ?" ಅಂದರು.

"ಮಹಡಿ ಮೇಲಿಂದ ಸರ್."

"ಮೂವತ್ತಾರೂ?"

"ಹೂಂ ಸರ್. ಕೆಳಗೆ ಜನ ಜಾಸ್ತಿ ಇದ್ರು."

"ಜನ ಜಾಸ್ತಿ ಇದ್ದದ್ದು ಇದ್ರಲ್ಲಿ ಎಲ್ಲಿದೆ?"

ನೋಡಿದರೆ ನಿಜ. ಎಲ್ಲದರಲ್ಲೂ ತೇರು ಇತ್ತು, ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ತಲೆಗಳಿದ್ದವು. ನೂಕುನುಗ್ಗಲಿಲ್ಲ, ಬೆವರಿಲ್ಲ, ಹಗ್ಗ ಹಿಡಿದ ಒಂದು ಕೈ ಇಲ್ಲ. ಮಹಡಿ ಹತ್ತಿದ್ದು ತುಳಿತಕ್ಕೆ ಹೆದರಿ. ನನ್ನ ಹೆದರಿಕೆ ಮೂವತ್ತಾರು ಫೋಟೊದಲ್ಲೂ ಅಚ್ಚಾಗಿತ್ತು, ನನಗೊಬ್ಬನಿಗೆ ಕಂಡಿರಲಿಲ್ಲ. ಮರುವರ್ಷ ಕೆಳಗೆ ಇಳಿದೆ. ಚಪ್ಪಲಿ ಕಳೆಯಿತು, ಅಂಗಿ ಗುಂಡಿ ಕಿತ್ತುಹೋಯಿತು, ಅರ್ಧ ರೋಲ್ ಅಲುಗಿಹೋಯಿತು. ಎರಡು ಫೋಟೊ ಉಳಿದವು. ಒಂದರಲ್ಲಿ ತೇರು ಇಲ್ಲವೇ ಇಲ್ಲ. ಜವನ ಸಿಕ್ಕಿಸಿದ ಬಾಳೆಹಣ್ಣನ್ನು ಎಸೆಯಲು ಎತ್ತಿದ ಹತ್ತಾರು ಕೈಗಳಿವೆ, ಅಷ್ಟೆ.

ತಂಗಿ, ನಿಮಗೂ ಈಗ ಹೀಗೆ ಹೇಳುವವರು ಬೇಕು. ಫೋನಿನಲ್ಲಿ ಹಾಕಿದ ಫೋಟೊಗೆ ಬರುವ "ಸೂಪರ್" ಸುಮ್ನೆ ಖುಷಿ ಕೊಡುತ್ತದೆ, ಏನೂ ಕಲಿಸುವುದಿಲ್ಲ. ಇನ್ನೊಂದು ವಿಷಯ. ಈಗಿನ ಹುಡುಗರು ಒಂದು ಜಾತ್ರೆಗೆ ಹೋದರೆ ಸಾವಿರ ಫೋಟೊ ತರುತ್ತಾರೆ. ಅದರಲ್ಲಿ ಹನ್ನೆರಡು ಆರಿಸಿ, ಯಾವುದರ ಪಕ್ಕ ಯಾವುದು ಕೂರಬೇಕು ಅಂತ ಜೋಡಿಸುವುದು ತೆಗೆಯುವುದಕ್ಕಿಂತ ಕಷ್ಟ. ನಾಲ್ಕು ವರ್ಷದಲ್ಲಿ ಜಾಸ್ತಿ ಹೊತ್ತು ಹೋಗುವುದು ಅದಕ್ಕೇ. ನನ್ನ ಪ್ರಕಾರ ಕಾಲೇಜಿನ ಫೀಸು ಕಟ್ಟುವುದು ಆ ಮೇಜಿಗೆ, ಕ್ಯಾಮೆರಾಕ್ಕಲ್ಲ.

ಇತಿಹಾಸದ ಪಾಠ ಅಂದರೆ ಹುಡುಗರು ಆಕಳಿಸುತ್ತಾರೆ. ಅದಕ್ಕೇ ನಾನು ಅದನ್ನು ಹಳೇಬೀಡಿನಲ್ಲಿ ಮಾಡುತ್ತೇನೆ. ಬೆಳಿಗ್ಗೆ ಎಳೆಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವಾಗ ಬಳಪದ ಕಲ್ಲಿನ ಒಂದೊಂದು ಒಡವೆಗೂ ನೆರಳು ಬಿದ್ದು ಶಿಲ್ಪ ಎದ್ದು ನಿಲ್ಲುತ್ತದೆ. ಹನ್ನೆರಡು ಗಂಟೆಗೆ ಬಂದವರಿಗೆ ಅದೇ ಗೋಡೆ ಸಪ್ಪೆ. (ಟ್ರೈಪಾಡ್ ಒಯ್ಯಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ನೆನಪಿರಲಿ. ಗೇಟಿನಲ್ಲಿ ವಾದ ಮಾಡಿ ಉಪಯೋಗವಿಲ್ಲ.) ಎಲ್ಲರೂ ಒಂದಷ್ಟು ತೆಗೆದ ಮೇಲೆ ನಾನು ಒಂದು ಕತೆ ಹೇಳುತ್ತೇನೆ. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಇಲ್ಲಿಗೂ ಬೇಲೂರಿಗೂ ಬಂದಿದ್ದ. ಆಗ ಫಿಲ್ಮ್ ಇರಲಿಲ್ಲ. ರಾಸಾಯನಿಕ ಹಚ್ಚಿದ ಕಾಗದವೇ ನೆಗೆಟಿವ್. ಅವನು ತೆಗೆದ ಚಿತ್ರಗಳು ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿದ್ದವು. ಅಂದರೆ ನೀವು ಈಗ ನಿಂತಿರುವ ಜಾಗದ ಫೋಟೊ ನೂರ ಎಪ್ಪತ್ತು ವರ್ಷದ ಹಿಂದೆಯೇ ಚೆನ್ನಾಗಿ ಬಂದಾಗಿದೆ. ನೀವು ಮತ್ತೆ ಯಾಕೆ ತೆಗೆಯುತ್ತಿದ್ದೀರಿ?

ಈ ಪ್ರಶ್ನೆಗೆ ಒಂದಷ್ಟು ಹೊತ್ತು ಯಾರೂ ಉತ್ತರ ಕೊಡುವುದಿಲ್ಲ. ಕೆಲವರಿಗೆ ಸಿಟ್ಟೂ ಬರುತ್ತದೆ. ಆಮೇಲೆ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಒಬ್ಬ ಮಧ್ಯಾಹ್ನವೆಲ್ಲ ಚಪ್ಪಲಿ ಬಿಡುವ ಜಾಗದಲ್ಲಿ ಕೂತು, ಸುಡುವ ಕಲ್ಲಿನ ಮೇಲೆ ಕುಣಿದುಕೊಂಡು ಹೋಗುವ ಕಾಲುಗಳನ್ನೇ ತೆಗೆದ. ದೇವಸ್ಥಾನದ ಗೋಡೆ ಎಲ್ಲೋ ಹಿಂದೆ ಮಸುಕಾಗಿದೆ. ಅದು ಅವನ ಹಳೇಬೀಡು.

ಈಗ ಒಂದು ಪ್ರಾಮಾಣಿಕ ಮಾತು. ಫೋಟೊಗ್ರಫಿ ಕಾಲೇಜಿಗೆ ಹೋಗದೆ ದೊಡ್ಡವರಾದವರು ಬೇಕಾದಷ್ಟು ಜನ. ಮೈಸೂರಿನ ಪತ್ರಿಕಾ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಓದಿದ್ದು ಮಹಾರಾಜ ಕಾಲೇಜಿನಲ್ಲಿ ಬಿಎ. ಫೋಟೊಗ್ರಫಿಗೆ ಪದವಿ ಗಿದವಿ ಇರಲಿಲ್ಲ. ಅವರ ಫೋಟೊಗಳು ಅಮೆರಿಕದ ಲೈಫ್, ಟೈಮ್ ಪತ್ರಿಕೆಗಳಲ್ಲಿ ಬಂದವು. ಅವರು ತೆಗೆದ ಮಕ್ಕಳ ಫೋಟೊಗಳನ್ನು ಯುನಿಸೆಫ್ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲೇ ಪ್ರದರ್ಶಿಸಿತು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಬರೋಡದಲ್ಲಿ ಕಲಿತದ್ದು ಶಿಲ್ಪಕಲೆ. ಆಮೇಲೆ ತಾವೇ ವೇಷ ಹಾಕಿ ಕ್ಯಾಮೆರಾದ ಮುಂದೆ ನಿಂತು, ಹಳೆಯ ಕ್ಯಾಲೆಂಡರ್ ಚಿತ್ರ, ಸಿನಿಮಾ ಸ್ಟಿಲ್, ಪೊಲೀಸ್ ಫೋಟೊಗಳಲ್ಲಿ ಹೆಣ್ಣು ಹೇಗೆ ಕಂಡಿದ್ದಾಳೆ ಅಂತ ಕೆಣಕಿದರು.

ಓದಿ ಬಂದವರೂ ಇದ್ದಾರೆ. ಮೈಸೂರಿನವರೇ ಆದ ವಿ.ಕೆ. ಮೂರ್ತಿ ಪಿಟೀಲು ನುಡಿಸುತ್ತಿದ್ದ ಹುಡುಗ. 1940ರ ದಶಕದಲ್ಲಿ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೊಗ್ರಫಿ ಡಿಪ್ಲೊಮಾ ಮಾಡಿ ಮುಂಬೈಗೆ ಹೋದರು, ಹಿಂದಿ ಚಿತ್ರ ನಿರ್ದೇಶಕ ಗುರುದತ್ತರ ಕ್ಯಾಮೆರಾಮನ್ ಆದರು. 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಗೆ ಕಂಬದ ಹಾಗೆ ಬೀಳುವ ಬೆಳಕು ಇದೆಯಲ್ಲ, ಅದನ್ನು ಯಾವ ದೊಡ್ಡ ಲೈಟಿನಿಂದಲೂ ಮಾಡಿದ್ದಲ್ಲ. ಹೊರಗಿನ ಬಿಸಿಲನ್ನು ಎರಡು ಕನ್ನಡಿ ಹಿಡಿದು ಒಳಗೆ ತಿರುಗಿಸಿದ್ದು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಎಸ್‌ಜೆ ಪಾಲಿಟೆಕ್ನಿಕ್‌ನಲ್ಲೇ ಕಲಿತ ಇನ್ನೊಬ್ಬರು ಸಿನಿಮಾ ನಿರ್ದೇಶಕ ಗೋವಿಂದ ನಿಹಲಾನಿ. ಹಾಗಾಗಿ ಕಾಲೇಜು ಬೇಕೇ ಬೇಕು ಅಂತಲೂ ನಾನು ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಸತ್ಯನ್ ಅವರಿಗೆ ಪತ್ರಿಕೆಯ ಕೆಲಸವೇ ಶಾಲೆಯಾಯಿತು. ಇವತ್ತು ಪತ್ರಿಕೆಗಳಲ್ಲಿ ಫೋಟೊಗ್ರಾಫರ್ ಹುದ್ದೆಗಳೇ ಕಮ್ಮಿಯಾಗುತ್ತಿವೆ. ಹಳ್ಳಿಯಿಂದ ಬರುವ ಹುಡುಗಿಗೆ ಜೊತೆಗಾರರು, ಮೇಷ್ಟ್ರು, ಲೈಬ್ರರಿ, ನಾಲ್ಕು ವರ್ಷದ ಪುರುಸೊತ್ತು ಎಲ್ಲವೂ ಒಂದೇ ಕಡೆ ಸಿಗುವ ಜಾಗ ನನಗೆ ಕಾಣುವುದು ಕಾಲೇಜೇ.

ಎಲ್ಲಿ ಓದಬಹುದು? ನಮ್ಮ ರಾಜ್ಯದಲ್ಲಿ ಮೊದಲು ನೋಡಬೇಕಾದದ್ದು ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು. ಎಲ್ಲರ ಬಾಯಲ್ಲಿ ಕಾವಾ. 1906ರಲ್ಲಿ ಅಡಿಗಲ್ಲು ಬಿದ್ದ ಹಳೆಯ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಮುಂದುವರಿಕೆ ಅದು. ಚಿತ್ರಕಲೆ, ಶಿಲ್ಪದ ಜೊತೆಗೆ ಫೋಟೊಗ್ರಫಿ ಮತ್ತು ಫೋಟೊ ಜರ್ನಲಿಸಂ ಅಲ್ಲಿ ಪದವಿಯ ವಿಷಯ. ಸರ್ಕಾರಿ ಕಾಲೇಜಾದ್ದರಿಂದ ಫೀಸಿನ ಹೊರೆ ಖಾಸಗಿಯಷ್ಟಿಲ್ಲ. ನಿಮ್ಮ ಮನಸ್ಸು ಸಿನಿಮಾ ಕಡೆ ಇದ್ದರೆ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಿದೆ, ಅಲ್ಲಿ ಸಿನಿಮಾಟೊಗ್ರಫಿ ಡಿಪ್ಲೊಮಾ. ರಾಜ್ಯದ ಹೊರಗೆ ಹೈದರಾಬಾದಿನ ಜವಾಹರಲಾಲ್ ನೆಹರು ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯದಲ್ಲಿ ಫೋಟೊಗ್ರಫಿಯಲ್ಲಿ ಬಿಎಫ್‌ಎ, ಅಂದರೆ ಲಲಿತಕಲೆಯ ಪದವಿ ಇದೆ. ಯಾವುದಾದರೂ ಪದವಿ ಮುಗಿದ ಮೇಲೆ ಇನ್ನೂ ಓದಬೇಕು ಅನಿಸಿದರೆ ಗುಜರಾತಿನ ಗಾಂಧಿನಗರದ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಫೋಟೊಗ್ರಫಿ ಡಿಸೈನ್‌ನಲ್ಲಿ ಎಂಡೆಸ್ ಅನ್ನುವ ಸ್ನಾತಕೋತ್ತರ ಪದವಿ ಇದೆ. ಅದು ದೂರದ ಮಾತು, ಈಗ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲೇ ಆಗಲಿ, ಆಯಾ ವರ್ಷದ ಪ್ರವೇಶದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ.

ಖಾಸಗಿ ಕಾಲೇಜುಗಳ ಹೆಸರು ಹೇಳುವುದಿಲ್ಲ. ಒಂದು ಎಚ್ಚರಿಕೆ ಹೇಳುತ್ತೇನೆ. ವಿಷುಯಲ್ ಕಮ್ಯುನಿಕೇಶನ್ ಅಂತಲೋ ಮೀಡಿಯಾ ಅಂತಲೋ ಇರುವ ಪದವಿಗಳಲ್ಲಿ ಫೋಟೊಗ್ರಫಿ ಎಷ್ಟೋ ಕಡೆ ಒಂದೋ ಎರಡೋ ಸೆಮಿಸ್ಟರಿನ ಒಂದು ಪೇಪರ್ ಮಾತ್ರ. ಸಿಲಬಸ್ ಕೇಳಿ ಎಣಿಸಿ ನೋಡಿ. ಹೊಳೆಯುವ ಕಾಗದದ ಪುಸ್ತಿಕೆಯಲ್ಲಿ ಕ್ಯಾಮೆರಾಗಳ ಸಾಲು ತೋರಿಸುತ್ತಾರೆ, ಅದಕ್ಕೆ ಮರುಳಾಗಬೇಡಿ. ಒಂದು ದಿನ ಕಾಲೇಜಿಗೇ ಹೋಗಿ. ಗೋಡೆಗಳ ಮೇಲೆ ಯಾರ ಫೋಟೊ ಇದೆ ನೋಡಿ. ವಿದ್ಯಾರ್ಥಿಗಳದ್ದೋ, ಅತಿಥಿಗಳಿಗೆ ಶಾಲು ಹೊದಿಸಿದ್ದೋ? ಕ್ಯಾಂಟೀನಿನಲ್ಲಿ ಮೂರನೇ ವರ್ಷದ ಒಬ್ಬರನ್ನು ಹಿಡಿದು, ಕಳೆದ ತಿಂಗಳು ಎಷ್ಟು ಸಲ ಕ್ರಿಟ್ ಆಯಿತು, ಪ್ರಿಂಟ್ ಹಾಕಿಸುತ್ತಾರಾ, ಕ್ಯಾಮೆರಾ ಮನೆಗೆ ಒಯ್ಯಲು ಕೊಡುತ್ತಾರಾ ಅಂತ ಕೇಳಿ. ಕ್ಯಾಮೆರಾಗಳೆಲ್ಲ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ, ಅವು ಎಷ್ಟು ದುಬಾರಿಯಾದರೇನು? ವರ್ಷದ ಕೊನೆಯ ಪ್ರದರ್ಶನದ ಹೊತ್ತಿಗೆ ಹೋಗಲು ಆದರೆ ಇನ್ನೂ ಒಳ್ಳೆಯದು. ಅಪ್ಪನನ್ನೂ ಕರೆದುಕೊಂಡು ಹೋಗಿ. ನಾನು ಹತ್ತು ಪುಟ ಬರೆದು ಒಪ್ಪಿಸುವುದಕ್ಕಿಂತ ಅವರು ಅರ್ಧ ಗಂಟೆ ಅಲ್ಲಿ ಓಡಾಡಿದರೆ ಹೆಚ್ಚು ಕೆಲಸವಾಗುತ್ತದೆ.

ಚಿತ್ರ ಬಿಡಿಸಲು ಬರುವುದಿಲ್ಲ ಅಂದಿರಿ. ಇದಕ್ಕೆ ಸ್ವಲ್ಪ ಬೆವರು ಹರಿಸಲೇಬೇಕು. ದೃಶ್ಯಕಲೆಯ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷ, ಮೊದಲ ವರ್ಷ ಅಡಿಪಾಯ. ಆ ವರ್ಷ ಎಲ್ಲರೂ ಪೆನ್ಸಿಲ್ ಹಿಡಿಯಬೇಕು, ಬಣ್ಣ ಕಲಸಬೇಕು, ಮಣ್ಣು ಮೆತ್ತಬೇಕು. ಪ್ರವೇಶ ಪರೀಕ್ಷೆಯಲ್ಲೂ ಚಿತ್ರ ಬಿಡಿಸಲು ಹೇಳುತ್ತಾರೆ. ಆದರೆ ಅಲ್ಲಿ ರವಿವರ್ಮನ ಕೈ ಯಾರೂ ನಿರೀಕ್ಷಿಸುವುದಿಲ್ಲ. ಇವತ್ತಿಂದ ದಿನಾ ಅರ್ಧ ಗಂಟೆ ಮನೆಯ ಒಂದು ವಸ್ತು ಬಿಡಿಸಿ. ತಂಬಿಗೆ, ಮೊರ, ಸೈಕಲ್ಲು, ಮಲಗಿದ ನಾಯಿ. ಫೋಟೊ ನೋಡಿ ಬಿಡಿಸಬೇಡಿ, ವಸ್ತು ನೋಡಿ ಬಿಡಿಸಿ. ತಂಬಿಗೆಯ ಹೊಟ್ಟೆಯಲ್ಲಿ ಬೆಳಕು ಎಲ್ಲಿ ನಿಂತು ನೆರಳು ಎಲ್ಲಿ ಶುರುವಾಗುತ್ತದೆ ಅಂತ ಪೆನ್ಸಿಲ್ ಹಿಡಿದು ಹುಡುಕಿದ ಕಣ್ಣಿಗೆ ಕ್ಯಾಮೆರಾದಲ್ಲೂ ಅದು ಕಾಣುತ್ತದೆ. ಮೊದಮೊದಲು ಈ ವರ್ಷವನ್ನು ಬೈಯುವ ಹುಡುಗರೇ ಕೊನೆಗೆ ಅದನ್ನು ನೆನೆಯುತ್ತಾರೆ.

ಇಂಗ್ಲಿಷಿನ ಚಿಂತೆ ಬಿಡಿ. ಓದಲು ಸ್ವಲ್ಪ ಬೇಕಾಗುತ್ತದೆ, ನಿಧಾನಕ್ಕೆ ಬರುತ್ತದೆ. ನಿಮ್ಮ ಫೋಟೊ ಬಗ್ಗೆ ಕನ್ನಡದಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆಯಲು ಬಂದರೆ ಮುಂದಿನದು ಆಗುತ್ತದೆ. ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಪದ ಜೋಡಿಸಿ ಏನೂ ಹೇಳದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕ್ಯಾಮೆರಾ ಈಗಲೇ ಕೊಳ್ಳಬೇಡಿ. ಅರ್ಜಿಗೆ ಫೋನಿನ ಫೋಟೊಗಳೇ ಸಾಕು. ಎರಡನೇ ವರ್ಷಕ್ಕೆ ಬಂದಾಗ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ನೋಡಿ. ಈಗ ಎಲ್ಲರೂ ಆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಕಡೆ ಓಡುತ್ತಿರುವುದರಿಂದ ಒಳ್ಳೊಳ್ಳೆಯ ಹಳೆಯವು ಕಮ್ಮಿ ಬೆಲೆಗೆ ಬರುತ್ತವೆ. ಜೊತೆಗೆ 50 ಎಂಎಂ, ಎಫ್ 1.8 ಲೆನ್ಸ್ ಒಂದು ಇದ್ದರೆ ಪದವಿ ಮುಗಿಯುವವರೆಗೆ ನಡೆಯುತ್ತದೆ. ಕೊಳ್ಳುವ ಮೊದಲು ಷಟರ್ ಎಷ್ಟು ಸಲ ಬಿದ್ದಿದೆ ಕೇಳಿ. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಬೂಷ್ಟು, ಬಿಟ್ಟು ಬನ್ನಿ. ಮಳೆಗಾಲ ಜೋರಿರುವ ಊರಿನಿಂದ ಬಂದ ಲೆನ್ಸುಗಳಲ್ಲಿ ಇದು ಜಾಸ್ತಿ.

ಈಗ ಅಪ್ಪನ ನಿಜವಾದ ಪ್ರಶ್ನೆಗೆ ಬರೋಣ. ಅವರು ಕೇಳಿದ್ದು ಕಾಲೇಜು ಯಾಕೆ ಅಂತ, ಮನಸ್ಸಿನಲ್ಲಿರುವುದು ಹೊಟ್ಟೆಪಾಡು ಏನು ಅಂತ. ಇದರಲ್ಲಿ ಸುಳ್ಳು ಹೇಳಬಾರದು. ಪದವಿ ಮುಗಿದ ದಿನ ಕೆಲಸದ ಆರ್ಡರ್ ಕೈಗೆ ಬರುವ ಓದು ಇದಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಜಾಸ್ತಿ ಜನ ಎರಡು ಮೂರು ಕೆಲಸ ಕೂಡಿಸಿ ಬದುಕು ಕಟ್ಟಿಕೊಂಡಿದ್ದಾರೆ. ಸೀಸನ್ನಿನಲ್ಲಿ ಮದುವೆ, ಉಳಿದಾಗ ಅಂಗಡಿ, ಹೋಟೆಲ್, ಕಟ್ಟಡಗಳ ಫೋಟೊ. ಒಬ್ಬ ಸಿನಿಮಾ ಸೆಟ್ಟುಗಳಲ್ಲಿ ಸ್ಟಿಲ್ ತೆಗೆಯುತ್ತಾನೆ. ಒಬ್ಬಳು ಹಳೆಯ ತಾಳೆಗರಿ, ಹಳೆಯ ಫೋಟೊಗಳನ್ನು ಡಿಜಿಟಲ್ ಮಾಡುವ ಕೆಲಸದಲ್ಲಿದ್ದಾಳೆ. ಕೆಲವರು ಪಾಠ ಹೇಳುತ್ತಾರೆ. ಬಿಳಿ ಹಿನ್ನೆಲೆಯಲ್ಲಿ ಷೂ ಇಟ್ಟು ತೆಗೆಯುವಂಥ ಕೆಲಸವನ್ನು ಈಗ ಕಂಪ್ಯೂಟರೇ ಮಾಡಿಬಿಡುತ್ತಿದೆ. ಬಟನ್ ಒತ್ತುವುದನ್ನಷ್ಟೇ ಕಲಿತವರಿಗೆ ಅದರ ಪೆಟ್ಟು ಮೊದಲು ಬೀಳುತ್ತದೆ. ಆರು ತಿಂಗಳ ವಿದ್ಯೆಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ.

ಹೆಣ್ಣುಮಗಳು ಅನ್ನುವ ಅಳುಕೂ ಅವರಿಗೆ ಇರಬಹುದು. ಹೋಮೈ ವ್ಯಾರಾವಾಲಾ ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, ಮುಂಬೈನ ಜೆ.ಜೆ. ಕಲಾ ಶಾಲೆಯಲ್ಲಿ ಓದಿದವರು. ಶುರುವಿನಲ್ಲಿ ಅವರ ಫೋಟೊಗಳು ಗಂಡನ ಹೆಸರಲ್ಲಿ ಅಚ್ಚಾಗುತ್ತಿದ್ದವು. ಈಗ ಕಾಲ ಅಷ್ಟು ಕೆಟ್ಟಿಲ್ಲ. ಮದುಮಗಳ ಕೋಣೆಗೆ ಹೆಣ್ಣುಮಗಳೇ ಫೋಟೊಗ್ರಾಫರ್ ಬೇಕು ಅಂತ ಹುಡುಕುವ ಮನೆಗಳು ನನಗೇ ಫೋನ್ ಮಾಡುತ್ತವೆ.

ದುಡ್ಡಿನ ಮಾತು ಬಂದಾಗ ಒಂದು ಕಾನೂನೂ ತಿಳಿದಿರಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನಿಮ್ಮ ಇಷ್ಟಕ್ಕೆ ನೀವು ತೆಗೆದ ಫೋಟೊ ನಿಮ್ಮದು. ಆದರೆ ಒಬ್ಬರು ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಹಕ್ಕು ಅವರದ್ದು. ಇದು ಗೊತ್ತಿಲ್ಲದೆ ನನ್ನದೇ ಒಂದು ಫೋಟೊವನ್ನು ನಾನು ಪ್ರದರ್ಶನದಲ್ಲಿ ಇಡಲಾಗದೆ ಹೋಯಿತು. ಒಂದು ಪುಟದ ಕರಾರು ಬರೆದುಕೊಂಡಿದ್ದರೆ ಮುಗಿಯುತ್ತಿತ್ತು. ಈ ತರಗತಿಯನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಕೊನೆಗೆ, ಈ ಕೆಲವು ತಿಂಗಳಲ್ಲಿ ಏನು ಮಾಡಬೇಕು? ಅಪ್ಪ ಹೇಳಿದ ಸ್ಟುಡಿಯೊಕ್ಕೆ ಹೋಗಿ, ಕಾಲೇಜು ಶುರುವಾಗುವವರೆಗೆ ನಿಲ್ಲಿ. ನಾನು ತಮಾಷೆ ಮಾಡುತ್ತಿಲ್ಲ. ಕೈ ಪಳಗುತ್ತದೆ, ಮನೆಯಲ್ಲೂ ಶಾಂತಿ. ಜೊತೆಗೆ ಅರ್ಜಿಗೆ ಹನ್ನೆರಡರಿಂದ ಹದಿನೈದು ಫೋಟೊಗಳ ಒಂದು ಗುಚ್ಛ ಮಾಡಿಕೊಳ್ಳಿ. ಸೂರ್ಯಾಸ್ತ ಒಂದು, ಹೂ ಒಂದು, ಅಜ್ಜಿ ಮುಖ ಒಂದು ಅಂತ ಕಲಸುಮೇಲೋಗರ ಬೇಡ. ಒಂದೇ ವಿಷಯ ಹಿಡಿಯಿರಿ, ಪದೇ ಪದೇ ಹೋಗಲು ಆಗುವಷ್ಟು ಹತ್ತಿರದ್ದು.

ನಿಮ್ಮ ಮನೆ ಬಾಗಿಲಲ್ಲೇ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಇದೆ. ಅಲ್ಲಿಗೆ ಬಂದವರೆಲ್ಲ ಕೆಂಪು ರಾಶಿಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೀವೂ ಒಂದು ತೆಗೆದು ಆಸೆ ತೀರಿಸಿಕೊಳ್ಳಿ. ಆಗ ಒಂದು ಗಮನಿಸಿ. ಬಿಸಿಲಲ್ಲಿ ಆ ಕೆಂಪನ್ನು ಫೋನಿನ ಕ್ಯಾಮೆರಾ ತಾಳುವುದಿಲ್ಲ. ಕೆಂಪು ತುಂಬಿ ತುಳುಕಿ, ಮೆಣಸಿನಕಾಯಿಯ ಸುಕ್ಕುಗಳೆಲ್ಲ ಅಳಿಸಿ ಒಂದೇ ಬಣ್ಣದ ಮುದ್ದೆಯಾಗುತ್ತದೆ. ಪರದೆ ಮುಟ್ಟಿ ಬೆಳಕನ್ನು ಸ್ವಲ್ಪ ಇಳಿಸಿ, ಇಲ್ಲವೇ ಮೋಡ ಬರಲಿ ಅಂತ ಕಾಯಿರಿ. ಬ್ಯಾಡಗಿ ಕಾಯಿ ಹೆಸರುವಾಸಿಯಾದದ್ದೇ ಅದರ ಬಣ್ಣ ಮತ್ತು ಸುಕ್ಕಿನಿಂದ. ಸುಕ್ಕು ಕಾಣದಿದ್ದರೆ ಅದು ಎಲ್ಲಿಯ ಬ್ಯಾಡಗಿ?

ಆಮೇಲೆ ರಾಶಿಯ ಕಡೆ ಬೆನ್ನು ಮಾಡಿ. ನೆರಳಲ್ಲಿ ಕೂತು ತೊಟ್ಟು ಬಿಡಿಸುವ ಹೆಂಗಸರು ಇರುತ್ತಾರಲ್ಲ, ಅವರ ಹತ್ತಿರ ಹೋಗಿ. ಮೊದಲ ದಿನ ಫೋನ್ ಹೊರಗೆ ತೆಗೆಯಬೇಡಿ. ಜೊತೆಗೆ ಕೂತು ನೀವೂ ಒಂದಷ್ಟು ತೊಟ್ಟು ಬಿಡಿಸಿ, ಯಾವ ಊರವ್ವ ಅಂತ ಮಾತಾಡಿಸಿ. ಎರಡನೇ ದಿನ ಕೇಳಿ ತೆಗೆಯಿರಿ. ಬ್ಯಾಡ ಅಂದವರನ್ನು ಬಿಟ್ಟುಬಿಡಿ. ಮೂರನೇ ದಿನಕ್ಕೆ ಅವರಿಗೆ ನೀವು ಇರುವುದೇ ಮರೆತಿರುತ್ತದೆ, ಒಳ್ಳೆಯ ಫೋಟೊ ಶುರುವಾಗುವುದು ಆಗ. ಉಗುರಿನ ಸಂದಿಗೆ ಹತ್ತಿದ ಕೆಂಪು, ಮೂಗಿಗೆ ಕಟ್ಟಿಕೊಂಡ ಸೀರೆ ಸೆರಗು, ಮಧ್ಯಾಹ್ನ ಬಿಚ್ಚುವ ರೊಟ್ಟಿ ಗಂಟು, ಕೂಲಿ ಎಣಿಸುವ ಹೊತ್ತು. ಹತ್ತು ಸಲ ಹೋಗಿ. ಫೋಟೊಗಳನ್ನು ಪೇಟೆಯಲ್ಲಿ ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿ, ಮನೆಯ ನೆಲದ ಮೇಲೆ ಹರಡಿ, ಬೇಡದ್ದನ್ನು ಒಂದೊಂದೇ ಎತ್ತಿಡಿ. ಅಪ್ಪನನ್ನೂ ಕೂರಿಸಿಕೊಳ್ಳಿ. ಮೆಣಸಿನಕಾಯಿ ವ್ಯವಹಾರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಸುಳ್ಳು ಫೋಟೊ ಯಾವುದು ಅಂತ ತಟ್ಟನೆ ಹೇಳಿಬಿಡುತ್ತಾರೆ. ಅವರಿಗೆ ಹಿಡಿಸಿದ ಎರಡು ಪ್ರಿಂಟನ್ನು ಆ ಹೆಂಗಸರಿಗೆ ಒಯ್ದು ಕೊಡಿ.

ಮತ್ತೆ, ಮಾರುಕಟ್ಟೆಯಿಂದ ಬಂದವರು ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆಯದೆ ಕಣ್ಣು ಮುಟ್ಟಿಕೊಳ್ಳಬೇಡಿ.